ಸ್ಕೂಟರ್ ಬಿಚ್ಚಿ ಜೋಡಿಸಿದ ಮೇಲೆ ಸೈಲೆನ್ಸರ್ ಲೀಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಮ್ಮ ಮನೆ ಅಂಗಳಕ್ಕೆ ಶಹಾಬಾದ್ ಫರ್ಶಿ ಹಾಸಿದೆ. ಅದರ ಮೇಲೆ ಗೋಣಿಚೀಲ ಹಾಕಿಕೊಂಡು ಕೂತು ಗಾಡಿ ಬಿಚ್ಚುವುದು ನನ್ನ ಭಾನುವಾರದ ಕೆಲಸ. ನಾನು ಮೆಕ್ಯಾನಿಕ್ ಅಲ್ಲ, ಅದೊಂದು ಹುಚ್ಚು ಅಷ್ಟೇ. ಕೈ ಮೀರಿದ್ದಕ್ಕೆ ನಮ್ಮ ಓಣಿ ತುದಿಯ ಉಸ್ತಾದ್ ಇದ್ದಾರೆ. ಓಣಿಯವರು ನನ್ನ ಹತ್ತಿರ ತರುವ ದೂರುಗಳಲ್ಲಿ ಒಂದು ಮಾತ್ರ ಯಾವಾಗಲೂ ಒಂದೇ ತರ ಶುರುವಾಗುತ್ತದೆ: "ಅಣ್ಣಾ, ಮೊನ್ನೆ ಗಾಡಿ ಬಿಚ್ಚಿಸಿದ್ದೆ ನೋಡ್ರಿ, ಅವಾಗಿಂದ ಫಟ್ ಫಟ್ ಅನ್ಲಾಕತ್ತದ." ಅವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಬರೆದಿಟ್ಟದ್ದು ಇದು.

ನಾನು ಬರೀ ಹಿಂದಿನ ಟೈರ್ ಬದಲಾಯಿಸಿದ್ದು. ಸೈಲೆನ್ಸರ್ ಯಾಕೆ ಲೀಕ್ ಆಗಬೇಕು?

ಯಾಕೆಂದರೆ ಆಕ್ಟಿವಾದಂಥ ಬಹಳಷ್ಟು ಸ್ಕೂಟರ್‌ಗಳಲ್ಲಿ ಸೈಲೆನ್ಸರ್ ಇಳಿಸದೆ ಹಿಂದಿನ ಚಕ್ರ ಹೊರಗೆ ಬರುವುದಿಲ್ಲ. ಚಕ್ರದ ನಟ್ ಇರುವ ಬದಿಯಲ್ಲೇ ಸೈಲೆನ್ಸರ್ ಅಡ್ಡ ಕೂತಿರುತ್ತದೆ. ಟೈರ್ ಅಂಗಡಿಯವರು ಬೆಂಡ್ ಪೈಪಿನ (ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬಾಗಿದ ಪೈಪ್) ಎರಡು ನಟ್, ಪಕ್ಕದ ಎರಡು ಮೂರು ಬೋಲ್ಟ್ ಬಿಚ್ಚಿ ಅದನ್ನು ಪಕ್ಕಕ್ಕಿಡುತ್ತಾರೆ. ಟೈರ್ ಆದ ಮೇಲೆ ಹಾಗೇ ಎತ್ತಿ ಕೂರಿಸಿ ಬಿಗಿದು ಕಳಿಸುತ್ತಾರೆ. ನೀವು ಕೊಟ್ಟಿದ್ದು ಟೈರಿನ ದುಡ್ಡು, ಅವರು ನೋಡಿದ್ದೂ ಟೈರನ್ನೇ.

ಎಂಜಿನ್ ಹೆಡ್ಡಿಗೂ (ಸಿಲಿಂಡರ್ ತುದಿಯ ಮುಚ್ಚಳದಂಥ ಭಾಗ) ಬೆಂಡ್ ಪೈಪಿಗೂ ನಡುವೆ ಒಂದು ಉಂಗುರ ಇರುತ್ತದೆ. ಅಂಗಡಿಯಲ್ಲಿ ಸೈಲೆನ್ಸರ್ ಪ್ಯಾಕಿಂಗ್ ಅನ್ನಿ, ಸೈಲೆನ್ಸರ್ ರಿಂಗ್ ಅನ್ನಿ, ಕೊಡುತ್ತಾರೆ. ನಟ್ ಬಿಗಿದಾಗ ಇದು ಜಜ್ಜಿಕೊಂಡು ಸಂದಿ ಮುಚ್ಚಬೇಕು. ಅದು ಜಜ್ಜಿಕೊಳ್ಳುವುದು ಒಂದೇ ಸಲ. ಎರಡನೇ ಸಲ ಹಾಕಿದರೆ ಅಲ್ಲಿ ಮೆತ್ತಗಾಗಲು ಏನೂ ಉಳಿದಿರುವುದಿಲ್ಲ. ಬೋರ್ ಕೆಲಸ, ಹೆಡ್ ಕೆಲಸ, ವಾಲ್ವ್ ಕೆಲಸ ಯಾವುದೇ ಮಾಡಿಸಿರಿ, ಸೈಲೆನ್ಸರ್ ಇಳಿದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಈ ರಿಂಗ್ ಮೇಲೆ. ಮಿರ್ಚಿ ಭಜಿ, ಚಹಾ ದುಡ್ಡಿನಲ್ಲಿ ಹೊಸದು ಬರುತ್ತದೆ.

ಲೀಕ್ ಆಗಿದೆ ಅಂತ ಗೊತ್ತಾಗುವುದು ಹೇಗೆ?

ಬೆಳಿಗ್ಗೆ ತಣ್ಣಗಿರುವ ಗಾಡಿ ಶುರು ಮಾಡಿ ಕೇಳಿ. ಹೆಡ್ಡಿನ ಹತ್ತಿರ, ಕಾಲಿಡುವ ಜಾಗದ ಹಿಂದೆ ಕೆಳಗಿನಿಂದ "ಟಿಕ್ ಟಿಕ್" ಅಥವಾ "ಚಫ್ ಚಫ್" ಅಂತ ಬರುತ್ತದೆ. ಎರಡು ಮೂರು ನಿಮಿಷ ಓಡಿದ ಮೇಲೆ ಸದ್ದು ಕಮ್ಮಿಯಾಗಬಹುದು. ಕಬ್ಬಿಣ ಕಾಯ್ದು ಹಿಗ್ಗಿ ಸಂದಿ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಅದಕ್ಕೆ. ಇದನ್ನೇ ನೋಡಿ "ತಾನೇ ಸರಿ ಹೋಯಿತು" ಅಂದುಕೊಳ್ಳುವವರು ಬಹಳ ಜನ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ಆಮೇಲೆ ಓಡಿಸುವಾಗ ಆಕ್ಸಲರೇಟರ್ ಬಿಟ್ಟ ತಕ್ಷಣ ಹಿಂದಿನಿಂದ "ಪಟ್ ಪಟ್" ಅನ್ನುವುದು. ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗಿ, ಸುಡದೆ ಉಳಿದ ಪೆಟ್ರೋಲ್ ಆವಿ ಸೈಲೆನ್ಸರ್ ಒಳಗೇ ಹೊತ್ತಿಕೊಳ್ಳುತ್ತದೆ. ಇದೆರಡಕ್ಕಿಂತ ನಂಬಬಹುದಾದ ಗುರುತು ಮಸಿ. ಜಾಯಿಂಟ್ ಸುತ್ತ ಕಾಡಿಗೆ ಬಳಿದಂತೆ ಕಪ್ಪು ಗೆರೆ ಇದ್ದರೆ ಬೇರೆ ಸಾಕ್ಷಿ ಬೇಡ.

ಮಸಿ ಕಾಣುತ್ತಿಲ್ಲ, ಸದ್ದು ಮಾತ್ರ ಇದೆ. ಜಾಗ ಹುಡುಕುವುದು ಹೇಗೆ?

ಬಟ್ಟೆ ಸೋಪಿನ ನೀರು ಮಾಡಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ, ಎಂಜಿನ್ ಪೂರ್ತಿ ತಣ್ಣಗೆ. ಜಾಯಿಂಟ್ ಸುತ್ತ ಸೋಪಿನ ನೀರು ಹೊಡೆದು ಶುರು ಮಾಡಿ. ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೈಲೆನ್ಸರ್ ಬಾಯಿಗೆ ಎರಡೇ ಎರಡು ಸೆಕೆಂಡ್ ಅರ್ಧ ಅಡ್ಡ ಹಿಡಿಯಲಿ. ಲೀಕ್ ಇರುವ ಕಡೆ ಗುಳ್ಳೆ ಏಳುತ್ತದೆ, "ಸುಸ್" ಅನ್ನುತ್ತದೆ. ನಿಮಗೆ ಸಿಗುವ ಸಮಯ ಒಂದು ನಿಮಿಷ ಅಷ್ಟೇ. ಆಮೇಲೆ ಪೈಪ್ ಕಾಯ್ದು ನೀರು ಆವಿಯಾಗುತ್ತದೆ, ಕೈಯೂ ಸುಡುತ್ತದೆ.

ಊದಿನಕಡ್ಡಿಯೂ ಆಗುತ್ತದೆ. ಹಚ್ಚಿ ಜಾಯಿಂಟ್ ಸುತ್ತ ನಿಧಾನ ಆಡಿಸಿ. ನೆಟ್ಟಗೆ ಏಳುವ ಹೊಗೆ ಲೀಕ್ ಇದ್ದಲ್ಲಿ ಬೆದರಿದಂತೆ ಒಂದು ಕಡೆ ಚೆದುರುತ್ತದೆ. ಫ್ಯಾನ್ ಇರಬಾರದು, ಬಿಸಿಗಾಳಿ ಬೀಸುತ್ತಿರಬಾರದು. ಎಲ್ಲಾದರೂ ಪೆಟ್ರೋಲ್ ವಾಸನೆ ಬಂದರೆ ಕಡ್ಡಿ ಗೀರುವ ಮಾತೇ ಬೇಡ.

ಎರಡಕ್ಕೂ ಒಂದು ಎಚ್ಚರಿಕೆ ಇದೆ. ಗೇರ್ ಇಲ್ಲದ ಗಾಡಿ ಇದು. ಸ್ಟ್ಯಾಂಡ್ ಮೇಲಿದ್ದಾಗ ಆಕ್ಸಲರೇಟರ್ ಕೊಟ್ಟರೆ ಹಿಂದಿನ ಚಕ್ರ ಗಿರ್ರನೆ ತಿರುಗುತ್ತದೆ. ಹುಡುಗರು ಪಕ್ಕದಲ್ಲಿ ಕೂತಿದ್ದರೆ ಮೊದಲು ಎಬ್ಬಿಸಿ ಕಳಿಸಿ.

ಹೊಸ ರಿಂಗ್ ಹಾಕಿದೆ, ಆದರೂ ಲೀಕ್. ಈಗೇನು?

ಇದಕ್ಕೆ ನನ್ನದೇ ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ ನನ್ನ ಗಾಡಿಗೆ ಟೈರ್ ಹಾಕಿಸಿ ಬಂದ ಮೇಲೆ ಸದ್ದು ಶುರುವಾಯಿತು. ರಿಂಗ್ ತಂದೆ, ಹಾಕಿದೆ, ಬಿಗಿದೆ. ಸದ್ದು ಇನ್ನೂ ಜಾಸ್ತಿ. ಮತ್ತೆ ಬಿಚ್ಚಿದೆ, ಇನ್ನೊಂದು ರಿಂಗ್ ತಂದೆ. ಅದೇ ಹಾಡು. ಮೇ ತಿಂಗಳು, ಫರ್ಶಿ ಕಾದ ಹಂಚಿನಂತೆ ಸುಡುತ್ತಿತ್ತು. ಕೊನೆಗೆ ಉಸ್ತಾದ್ ಬಂದು ಬಗ್ಗಿ, ಮೊಬೈಲ್ ಟಾರ್ಚ್ ಹಿಡಿದು, ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಪೋರ್ಟ್ (ಹೆಡ್ಡಿನಿಂದ ಹೊಗೆ ಹೊರಬರುವ ಬಾಯಿ) ಒಳಗೆ ಮೆಲ್ಲಗೆ ಕೆದಕಿದರು. ಕಪ್ಪಗೆ, ಹಪ್ಪಳದಂತೆ ಚಪ್ಪಟೆಯಾದ ಒಂದು ಉಂಗುರ ಫರ್ಶಿ ಮೇಲೆ ಟಣ್ ಅಂತ ಬಿತ್ತು. ಹಳೇ ರಿಂಗ್! ಹೆಡ್ಡಿಗೇ ಅಂಟಿಕೊಂಡು, ಹೆಡ್ಡಿನದೇ ಭಾಗ ಅನ್ನುವ ಹಾಗೆ ಕೂತಿತ್ತು. ನಾನು ಎರಡು ಸಲವೂ ಅದರ ಮೇಲೇ ಹೊಸದನ್ನು ಕೂರಿಸಿದ್ದೆ. "ಏನ್ರಿ ಸರ್, ಮನ್ಯಾಗ ಒಬ್ಬ ಮಲಗ್ಯಾನ, ಅವನ ಮ್ಯಾಲೆ ಹಾಸಿಗಿ ಹಾಸೀರಿ" ಅಂದರು ಉಸ್ತಾದ್. ಆ ಮಾತು ಇವತ್ತಿಗೂ ನಮ್ಮ ಓಣಿಯಲ್ಲಿ ಓಡಾಡುತ್ತಿದೆ.

ಹಾಗಾಗಿ ಮೊದಲು ಟಾರ್ಚ್. ಪೋರ್ಟಿನ ಅಂಚಿನಲ್ಲಿ ಒಳಗೆ ಒಂದು ಮೆಟ್ಟಿಲಿನಂತೆ ಕಾಣಬೇಕು. ಮೆಟ್ಟಿಲು ಕಾಣದೆ ಸಪಾಟಾಗಿದ್ದರೆ ಹಳೇ ರಿಂಗ್ ಅಲ್ಲೇ ಇದೆ. ತೆಗೆಯುವಾಗ ಉಳಿ ಸುತ್ತಿಗೆ ಬೇಡ. ಹೆಡ್ ಅಲ್ಯೂಮಿನಿಯಂ, ಗೀರು ಬಿದ್ದರೆ ಆ ಗೀರೇ ಇನ್ನೊಂದು ಲೀಕ್.

ರಿಂಗ್ ಕೂರಿಸುವಷ್ಟರಲ್ಲಿ ಜಾರಿ ಬೀಳುತ್ತದೆ. ಏನಾದರೂ ಉಪಾಯ?

ಸ್ಕೂಟರ್ ಎಂಜಿನ್ನಿನ ಸಿಲಿಂಡರ್ ಮುಂದಕ್ಕೆ ಮಲಗಿರುತ್ತದೆ. ಹಾಗಾಗಿ ಸೈಲೆನ್ಸರ್ ಪೋರ್ಟ್ ಕೆಳಮುಖ. ರಿಂಗ್ ಬೀಳುವುದು ಸಹಜ. ರಿಂಗಿಗೆ ಮೂರು ಕಡೆ ಕಡಲೆಕಾಳಿನ ಅರ್ಧದಷ್ಟು ಗ್ರೀಸ್ ಹಚ್ಚಿ ಒತ್ತಿದರೆ ಅಂಟಿಕೊಳ್ಳುತ್ತದೆ. ಮೊದಲ ಸಲ ಶುರು ಮಾಡಿದಾಗ ಆ ಗ್ರೀಸ್ ಸುಟ್ಟು ಸ್ವಲ್ಪ ಹೊಗೆ, ವಾಸನೆ ಬರುತ್ತದೆ. ಗಾಬರಿ ಬೇಡ.

ಬಿದ್ದ ರಿಂಗ್ ಗೊತ್ತಾಗದೆ ಓರೆಯಾಗಿ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಬಿಗಿಯುವ ಮುಂಚೆ ಪೈಪನ್ನು ಕೈಯಿಂದ ಮೇಲಕ್ಕೆ ಒತ್ತಿ ಅಲ್ಲಾಡಿಸಿ ನೋಡಿ. ಒಂದೇ ಮಟ್ಟಕ್ಕೆ ಕೂತ ಹಾಗೆ ಕೈಗೆ ಗೊತ್ತಾಗುತ್ತದೆ.

ನಟ್ ಬಿಗಿಯುವುದಕ್ಕೂ ಕ್ರಮ ಇದೆಯಾ?

ಇದೆ, ಮತ್ತು ಅರ್ಧ ಲೀಕುಗಳಿಗೆ ಕಾರಣ ಇದೇ ಅಂತ ನನ್ನ ಅನುಭವ. ಎಲ್ಲರೂ ಮಾಡುವ ತಪ್ಪು ಅಂದರೆ ಸೈಲೆನ್ಸರ್ ಭಾರ ತಡೆಯಲಾಗದೆ ಮೊದಲು ಪಕ್ಕದ ದೊಡ್ಡ ಬೋಲ್ಟ್ ಬಿಗಿದುಬಿಡುವುದು. ಅಲ್ಲಿಗೆ ಪೈಪಿನ ಬಾಯಿ ಯಾವ ಕೋನಕ್ಕೆ ನಿಂತಿತೋ ಅಲ್ಲೇ ಗಟ್ಟಿ. ಆಮೇಲೆ ಹೆಡ್ಡಿನ ನಟ್ ಎಷ್ಟೇ ಬಿಗಿದರೂ ಒಂದು ಕಡೆ ಮಾತ್ರ ಒತ್ತುತ್ತದೆ, ಇನ್ನೊಂದು ಕಡೆ ಉಗುರು ಹೋಗುವಷ್ಟು ಸಂದಿ ಉಳಿಯುತ್ತದೆ.

ಸೈಲೆನ್ಸರ್ ಕೆಳಗೆ ಒಂದು ಮರದ ತುಂಡೋ ಇಟ್ಟಿಗೆಯೋ ಇಟ್ಟು ಭಾರ ಅದಕ್ಕೆ ಬಿಡಿ. ಎಲ್ಲಾ ಬೋಲ್ಟ್, ಎಲ್ಲಾ ನಟ್ ಬರೀ ಬೆರಳಿನಿಂದ ತಿರುಗಿಸಿ ಹಿಡಿಸಿ. ಈಗ ಹೆಡ್ಡಿನ ಎರಡು ನಟ್‌ಗಳನ್ನು ಅದಕ್ಕೆ ಅರ್ಧ ಸುತ್ತು, ಇದಕ್ಕೆ ಅರ್ಧ ಸುತ್ತು, ಹೀಗೆ ಸರದಿಯಲ್ಲಿ ಬಿಗಿಯಿರಿ. ಫ್ಲಾಂಜಿಗೂ (ಪೈಪಿನ ತುದಿಯ, ನಟ್ ಕೂರುವ ಪಟ್ಟಿ) ಹೆಡ್ಡಿಗೂ ನಡುವಿನ ಸಂದಿ ಎರಡೂ ಕಡೆ ಒಂದೇ ಸಮ ಕಾಣಬೇಕು. ಅವು ಪೂರ್ತಿ ಬಿಗಿಯಾದ ಮೇಲಷ್ಟೇ ಪಕ್ಕದ ಬೋಲ್ಟ್‌ಗಳು. ಪಕ್ಕದ ಬೋಲ್ಟಿನ ತೂತು ಸರಿಯಾಗಿ ಎದುರಿಗೆ ಬರುತ್ತಿಲ್ಲ ಅಂದರೆ ಕಂಬಿ ಹಾಕಿ ಮೀಟಬೇಡಿ. ಮುಂದೆ ಏನೋ ಓರೆಯಾಗಿದೆ ಅಂತ ಗಾಡಿ ಹೇಳುತ್ತಿದೆ.

ಎಷ್ಟು ಬಿಗಿಯಬೇಕು?

ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬರೆದಷ್ಟು. ಅದು ಸಿಗದಿದ್ದರೆ ಸಾಮಾನ್ಯ ಲೆಕ್ಕ ಹೀಗಿದೆ: 6 ಎಂಎಂ ಸ್ಟಡ್ (ಹೆಡ್ಡಿನಿಂದ ಹೊರಚಾಚಿದ, ನಟ್ ಕೂರುವ ತಲೆಯಿಲ್ಲದ ಬೋಲ್ಟ್) ನಟ್‌ಗೆ ಸುಮಾರು 10 ನ್ಯೂಟನ್ ಮೀಟರ್, 8 ಎಂಎಂಗೆ ಸುಮಾರು 22. ಟಾರ್ಕ್ ಪಾನಾ (ಬಿಗಿತ ಅಳೆದು ತೋರಿಸುವ ಸ್ಪ್ಯಾನರ್) ಇಲ್ಲದಿದ್ದರೆ ಗಿಡ್ಡ ಪಾನಾ ಹಿಡಿಯಿರಿ. ಉದ್ದ ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ಲೀಕ್ ನಿಲ್ಲಲಿಲ್ಲ ಅಂತ ಇನ್ನೂ ಬಿಗಿಯುವುದೂ ತಪ್ಪು. ಹೊಸ ರಿಂಗ್ ಸರಿಯಾಗಿ ಕೂತಿದ್ದರೆ ಅಷ್ಟು ಬಲ ಬೇಕಾಗುವುದೇ ಇಲ್ಲ.

ಮೂರು ನಾಲ್ಕು ದಿನ ಓಡಿಸಿದ ಮೇಲೆ, ತಣ್ಣಗಿದ್ದಾಗ ಒಂದು ಸಲ ಪಾನಾ ಇಟ್ಟು ನೋಡಿ. ಕಾಯ್ದು ಆರಿ ರಿಂಗ್ ಇನ್ನೊಂದಿಷ್ಟು ಕುಗ್ಗಿರುತ್ತದೆ, ಸ್ವಲ್ಪ ತಿರುಗಬಹುದು.

ನಟ್ ಜಂಗು ಹಿಡಿದು ಕೂತಿದೆ, ತಿರುಗುತ್ತಿಲ್ಲ. ಜೋರು ಮಾಡಲೇ?

ಬೇಡ. ಇಲ್ಲಿ ಅವಸರ ಮಾಡಿದವರೇ ಆಮೇಲೆ ಲೇತ್ ಅಂಗಡಿ ಮುಂದೆ ಕೂತಿರುತ್ತಾರೆ. ಸಂಜೆ ವಯರ್ ಬ್ರಶ್‌ನಿಂದ ಕಾಣುವ ಚೂಡಿ (ಸ್ಟಡ್ಡಿನ ಸುರುಳಿ ಗೆರೆ) ಉಜ್ಜಿ, ಡಬ್ಲ್ಯೂಡಿ-40 ತರದ ಜಂಗು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಮತ್ತೊಮ್ಮೆ ಹೊಡೆಯಿರಿ. ಆರು ಮೂಲೆಯೂ ಹಿಡಿಯುವ ಸಾಕೆಟ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಂತಾ, ಮತ್ತೆ ಅಷ್ಟೇ ಹಿಂದಕ್ಕೆ ಬಿಡಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಕರ್ ಕರ್ ಅನ್ನುತ್ತಾ ಬರುತ್ತಿದ್ದರೆ ಸರಿ ದಾರಿಯಲ್ಲಿದ್ದೀರಿ. ರಬ್ಬರಿನಂತೆ ಮೆತ್ತಗೆ ತಿರುಗಿತು ಅಂದರೆ ನಿಲ್ಲಿಸಿ, ಸ್ಟಡ್ ತಿರುಚಿಕೊಳ್ಳುತ್ತಿದೆ.

ಕೆಲವು ಸಲ ನಟ್ ಜೊತೆ ಸ್ಟಡ್ಡೂ ಹೊರಗೆ ಬರುತ್ತದೆ. ಅದೇನೂ ನಷ್ಟ ಅಲ್ಲ. ಹೊಸ ಸ್ಟಡ್ ಹಾಕಿ. ವಾಪಸ್ ಜೋಡಿಸುವಾಗ ಚೂಡಿಗೆ ತಾಮ್ರದ ಪೇಸ್ಟ್ ತೆಳ್ಳಗೆ ಹಚ್ಚಿದರೆ ಮುಂದಿನ ಸಲ ಯಾರೇ ಬಿಚ್ಚಿದರೂ ನಿಮಗೆ ಬೈಯುವುದಿಲ್ಲ. ಪೇಸ್ಟ್ ಹಚ್ಚಿದ ನಟ್ ಸಲೀಸಾಗಿ ತಿರುಗುತ್ತದೆ, ಹಾಗಾಗಿ ಕೈ ಸ್ವಲ್ಪ ಹಗುರ ಇರಲಿ. ಹಿತ್ತಾಳೆ ನಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಜಂಗು ಹಿಡಿದು ಕಚ್ಚಿಕೊಳ್ಳುವುದಿಲ್ಲ.

ಸ್ಟಡ್ ಮುರಿದೇ ಹೋಯಿತು!

ಪಾನಾ ಕೆಳಗಿಡಿ, ನೀರು ಕುಡಿಯಿರಿ. ಹೊರಗೆ ತುಂಡು ಉಳಿದಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ ತಿರುಗಿಸುತ್ತಾರೆ. ವೆಲ್ಡಿನ ಬಿಸಿಯೇ ಜಂಗು ಸಡಿಲ ಮಾಡುತ್ತದೆ, ಬಹಳ ಸಲ ಬೆಣ್ಣೆಯಂತೆ ಬರುತ್ತದೆ. ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ನಡು ಮಧ್ಯಕ್ಕೆ ಡ್ರಿಲ್ ಹೊಡೆದು ಹೊಸ ಚೂಡಿ ಹಾಕಬೇಕು. ಅದು ಲೇತ್ ಅಂಗಡಿ ಕೆಲಸ. ಮನೆಯಲ್ಲಿ ಕೈ ಡ್ರಿಲ್ ಹಿಡಿದು ಹೋದರೆ ಬಿಟ್ ಗಟ್ಟಿ ಸ್ಟಡ್ ಬಿಟ್ಟು ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ತೂತಿಗೆ ಸಿಕ್ಕಿಸಿ ಉಲ್ಟಾ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಜಂಗು ಹಿಡಿದ ಸಣ್ಣ ಸ್ಟಡ್‌ಗೆ ಅದನ್ನು ಹಾಕಬೇಡಿ. ಅದು ಒಳಗೆ ಮುರಿದರೆ ಅದರಷ್ಟು ಗಟ್ಟಿ ಉಕ್ಕನ್ನು ಕೊರೆಯಲು ಲೇತಿನವರೂ ಕೈಯೆತ್ತುತ್ತಾರೆ.

ಎಂ-ಸೀಲ್ ಅಥವಾ ಕೆಂಪು ಸಿಲಿಕಾನ್ ಹಚ್ಚಿದರೆ ಆಗಲ್ವಾ?

ಹೆಡ್ಡಿನ ಜಾಯಿಂಟಿಗೆ ಆಗಲ್ಲ. ಶಾಖಕ್ಕೆಂದೇ ಮಾರುವ ಕೆಂಪು ಸಿಲಿಕಾನ್ ಕೂಡ 300 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ. ಪೋರ್ಟಿನಿಂದ ಹೊರಬೀಳುವ ಹೊಗೆಯ ಶಾಖ ಅದಕ್ಕಿಂತ ಎಷ್ಟೋ ಜಾಸ್ತಿ. ಎಂ-ಸೀಲ್ ಅಂತೂ ಅದರ ಹತ್ತಿರವೂ ನಿಲ್ಲದು, ಒಂದೆರಡು ದಿನದಲ್ಲಿ ಸುಟ್ಟ ರೊಟ್ಟಿಯ ಪಕಳೆಯಂತೆ ಉದುರುತ್ತದೆ. ಹೊಸ ಗಾಡಿಗಳಲ್ಲಿ ಇನ್ನೊಂದು ಅಪಾಯ ಇದೆ. ಸಿಲಿಕಾನ್ ಆವಿ ಆಕ್ಸಿಜನ್ ಸೆನ್ಸರನ್ನು (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸಾಧನ) ಹಾಳು ಮಾಡಬಹುದು. ರಿಂಗಿನ ದುಡ್ಡು ಉಳಿಸಲು ಹೋಗಿ ಸೆನ್ಸರ್ ಕಳೆದುಕೊಳ್ಳುವುದು ಯಾವ ಲೆಕ್ಕ?

ಪೈಪಿನ ನಡುವೆ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಸೈಲೆನ್ಸರ್‌ಗೆಂದೇ ಬರುವ ಪುಟ್ಟಿ ಹಚ್ಚಬಹುದು. ಅದು ವೆಲ್ಡಿಂಗ್ ಆಗುವವರೆಗಿನ ಮಾತು.

ತೂತು ಬಿದ್ದದ್ದು ಪೈಪಿನಲ್ಲೇ. ವೆಲ್ಡ್ ಮಾಡಿಸಲೇ, ಹೊಸದು ತರಲೇ?

ನಮ್ಮ ಕಡೆ ಸೈಲೆನ್ಸರ್ ತಿನ್ನುವುದು ಎರಿ ಮಣ್ಣು. ಮಳೆಗಾಲದಲ್ಲಿ ಜೇವರ್ಗಿ ಕಡೆಯ ಹೊಲದ ದಾರಿಯಲ್ಲಿ ಒಂದು ಸಲ ಹೋಗಿ ಬನ್ನಿ. ಮಣ್ಣು ಸೈಲೆನ್ಸರ್ ಬ್ರಾಕೆಟ್ ಸಂದಿಗೆ ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಪೇಂಟ್ ಚೆನ್ನಾಗಿರುತ್ತದೆ, ಸಂದಿಯಲ್ಲಿ ತಗಡು ತೆಳ್ಳಗಾಗಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಸುತ್ತ ತಟ್ಟಿ ನೋಡಿ. ಟಣ್ ಅಂದರೆ ವೆಲ್ಡ್ ನಿಲ್ಲುತ್ತದೆ. ದಬ್ ಅಂದರೆ ವೆಲ್ಡರ್ ಒಂದು ತೂತು ಮುಚ್ಚುವಾಗ ಪಕ್ಕದಲ್ಲಿ ಇನ್ನೊಂದು ಬೀಳುತ್ತದೆ.

ವೆಲ್ಡಿಂಗ್‌ಗೆ ಗಾಡಿ ಒಯ್ಯಬೇಡಿ, ಸೈಲೆನ್ಸರ್ ಬಿಚ್ಚಿ ಅದನ್ನಷ್ಟೇ ಒಯ್ಯಿರಿ. ಪೆಟ್ರೋಲ್ ಟ್ಯಾಂಕ್ ಪಕ್ಕ ಕಿಡಿ ಹಾರುವುದು ಬೇಡ, ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇರುವ ಗಾಡಿಗೆ ವೆಲ್ಡಿಂಗ್ ಕರೆಂಟೂ ಬೇಡ.

ಬಿಎಸ್ 6 ಗಾಡಿಗೆ ಏನಾದರೂ ಬೇರೆ ನೋಡಬೇಕಾ?

ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿ ಹೊಗೆಗೆ ಸರ್ಕಾರ ಹಾಕಿದ ಮಿತಿ. 1 ಏಪ್ರಿಲ್ 2020ರಿಂದ ಮಾರಾಟವಾದ ಗಾಡಿಗಳು ಬಿಎಸ್ 6. ಇವುಗಳಲ್ಲಿ ಸಾಮಾನ್ಯವಾಗಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಕೆಲವಕ್ಕೆ ಹೆಡ್ಡಿನ ಹತ್ತಿರ, ಕೆಲವಕ್ಕೆ ಬೆಂಡ್ ಪೈಪಿನ ಮೇಲೆ. ಪೈಪಿನ ಮೇಲಿದ್ದರೆ ಸೈಲೆನ್ಸರ್ ಇಳಿಸುವ ಮುಂಚೆ ಅದರ ವೈರಿನ ಕಪ್ಲರ್ ಬಿಡಿಸಿ. ಸೈಲೆನ್ಸರ್ ವೈರಿನ ಮೇಲೆ ಜೋತಾಡಿದರೆ ಸೆನ್ಸರ್ ಹೋದ ಹಾಗೇ.

ಲೀಕ್ ಸೆನ್ಸರಿಗಿಂತ ಮುಂದೆ, ಅಂದರೆ ಎಂಜಿನ್ ಕಡೆಗಿದ್ದರೆ ಸಂದಿಯಿಂದ ನುಗ್ಗಿದ ಗಾಳಿಯನ್ನು ನೋಡಿ ಸೆನ್ಸರ್ "ಪೆಟ್ರೋಲ್ ಕಮ್ಮಿ ಇದೆ" ಅಂತ ಇಸಿಯುಗೆ ಸುಳ್ಳು ವರದಿ ಕೊಡುತ್ತದೆ. ಇಸಿಯು ಪಾಪ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು, ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿತು ಅಂತ ಸೆನ್ಸರ್ ಬದಲಾಯಿಸುವ ಮುಂಚೆ ರಿಂಗ್ ನೋಡಿ.

ಸದ್ದು ಇದೆ, ಆದರೆ ಲೀಕ್ ಎಲ್ಲೂ ಸಿಗುತ್ತಿಲ್ಲ.

ಲೀಕ್ ಅಲ್ಲದೆಯೂ ಇರಬಹುದು. ಸ್ಪಾರ್ಕ್ ಪ್ಲಗ್ ಸಡಿಲ ಇದ್ದರೂ ಚಫ್ ಚಫ್ ಅನ್ನುತ್ತದೆ. ಸೈಲೆನ್ಸರ್ ಮೇಲಿನ ಕವರಿನ ಸ್ಕ್ರೂ ಅಥವಾ ವಾಷರ್ ಬಿಟ್ಟುಹೋಗಿದ್ದರೆ ಝರ್ ಝರ್ ಅಂತ ನಡುಗುತ್ತದೆ, ಕಾಲಿನಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ (ಚಪ್ಪಲಿ ಕರಗಿದರೆ ನನ್ನನ್ನು ಕೇಳಬೇಡಿ). ಕೆಲವು ಗಾಡಿಗಳಲ್ಲಿ ಹೊಗೆ ಶುದ್ಧ ಮಾಡಲು ಪೋರ್ಟಿಗೆ ಗಾಳಿ ಕೊಡುವ ರಬ್ಬರ್ ಪೈಪ್ ಇರುತ್ತದೆ. ಕೆಲಸ ಮಾಡಿದವರು ಅದನ್ನು ಸಿಕ್ಕಿಸಲು ಮರೆತಿದ್ದರೆ ಲೀಕಿನ ಎಲ್ಲಾ ಲಕ್ಷಣವೂ ಬರುತ್ತದೆ.

ಸೈಲೆನ್ಸರ್ ಕೆಳಗೆ ಸಣ್ಣ ತೂತಿದೆ, ನೀರು ತೊಟ್ಟಿಕ್ಕುತ್ತದೆ. ಮುಚ್ಚಿಸಲೇ?

ಮುಚ್ಚಬೇಡಿ! ಅಂಚು ದುಂಡಗೆ, ನೀಟಾಗಿದ್ದರೆ ಅದು ಕಂಪನಿಯೇ ಕೊಟ್ಟ ತೂತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ, ಗೊತ್ತಾ? ಎಂಜಿನ್ ಕಾದಿದ್ದರೆ ಆವಿಯಾಗಿ ಹೋಗುತ್ತದೆ. ಸೂಪರ್ ಮಾರ್ಕೆಟ್‌ವರೆಗೆ ಹೋಗಿ ಬರುವ ಚಿಕ್ಕ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಆ ನೀರು ಹೊರಹೋಗಲು ಇರುವ ದಾರಿ ಅದು. ಅಂಚು ಹರಿದಂತೆ, ಜಂಗು ಹಿಡಿದಂತೆ ಇದ್ದರೆ ಮಾತ್ರ ರಿಪೇರಿ.

ಸ್ವಲ್ಪ ಸದ್ದು ತಾನೇ, ಹಾಗೇ ಓಡಿಸಿದರೆ ಏನಾಗುತ್ತದೆ?

ರಸ್ತೆಯಲ್ಲಿ ಒಂದೆರಡು ದಿನಕ್ಕೆ ದೊಡ್ಡ ಅನಾಹುತ ಏನೂ ಆಗಲಿಕ್ಕಿಲ್ಲ. ಆದರೆ ಬಿಸಿ ಹೊಗೆ ಅದೇ ಸಂದಿಯಿಂದ ನುಗ್ಗಿ ನುಗ್ಗಿ ಫ್ಲಾಂಜ್ ಸವೆಸುತ್ತದೆ, ಹತ್ತಿರದ ವೈರು, ಪ್ಲಾಸ್ಟಿಕ್ ಕರಗಿಸುತ್ತದೆ.

ನನಗೆ ಭಯ ಇರುವುದು ಮನೆಯೊಳಗೆ. ಹಳೇ ಊರಿನ ಸಂದಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ, ರಾತ್ರಿ ಹೊಸ್ತಿಲಿಗೆ ಹಲಗೆ ಹಾಕಿ ಪಡಸಾಲೆಗೇ ಹತ್ತಿಸುತ್ತೇವೆ. ಅಲ್ಲೇ ಎಂಜಿನ್ ಓಡಿಸಿ "ಎಲ್ಲಿ ಲೀಕ್" ಅಂತ ಹುಡುಕಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, ಡಾಕ್ಟರ್‌ಗೆ ತೋರಿಸಿ. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಲೀಕ್ ಇಲ್ಲದ ಗಾಡಿಗೂ ಈ ಮಾತು ಅನ್ವಯಿಸುತ್ತದೆ.

ಹೊಗೆ ತಪಾಸಣೆಗೆ ಹೋಗುವ ಮುಂಚೆ ಸರಿ ಮಾಡಿಸಬೇಕಾ?

ಮಾಡಿಸಿ. ಗಾಳಿ ಬೆರೆತ ಹೊಗೆಯ ಲೆಕ್ಕ ಸರಿ ಬರುವುದಿಲ್ಲ. ಬಿಎಸ್ 4, ಬಿಎಸ್ 6 ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ 6 ತಿಂಗಳು.

ಮುಂದಿನ ಸಲ ಟೈರ್ ಹಾಕಿಸುವಾಗ ರಿಂಗ್ ನಾನೇ ಒಯ್ಯಬಹುದಾ?

ಒಯ್ಯಿರಿ. ನಾನು ಸೀಟಿನ ಕೆಳಗೆ ಯಾವಾಗಲೂ ಒಂದು ಇಟ್ಟಿರುತ್ತೇನೆ. ಗಾಡಿ ಮಾಡೆಲ್, ವರ್ಷ ಹೇಳಿ ತನ್ನಿ, ಅಳತೆ ಬೇರೆ ಬೇರೆ ಇರುತ್ತದೆ. ಸೈಲೆನ್ಸರ್ ಇಳಿಸುವಾಗಲೇ ಹುಡುಗನ ಕೈಗೆ ಕೊಟ್ಟು "ತಮ್ಮಾ, ಇದನ್ನ ಹಾಕು, ಹಳೇದು ನನ್ನ ಕೈಗೆ ಕೊಡು" ಅನ್ನಿ. ಕೆಲಸ ಮುಗಿದರೂ ಹಳೇದು ಕೈಗೆ ಬರದಿದ್ದರೆ ಗಾಡಿ ಹತ್ತಬೇಡಿ. ಅದು ಇನ್ನೂ ಪೋರ್ಟ್ ಒಳಗೇ ಮಲಗಿರುತ್ತದೆ.